ಹುಲಿ ಸಫಾರಿ, ಹುಲಿ ಫೋಟೊ: ತಾಳವಾಡಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಮನೆಮಾತು ಕನ್ನಡ, ಬಟ್ಟೆಬರೆಗೆ ಚಾಮರಾಜನಗರ, ಸುತ್ತ ಸತ್ಯಮಂಗಲದ ಕಾಡು. ನಾನು ಕ್ಯಾಮೆರಾ ನೇತುಹಾಕಿಕೊಂಡು ಸಫಾರಿಗೆ ಹೋಗುತ್ತೇನೆ ಅಂತ ಊರಿಗೆಲ್ಲ ಗೊತ್ತಾದ ಮೇಲೆ, ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ವಾಟ್ಸಾಪಿನಲ್ಲಿ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನ. ಕೇಳಿದವರ ಮಾತಲ್ಲೇ ಬರೆದಿದ್ದೇನೆ. ಮೊದಲು ಸುಲಭದವು, ಆಮೇಲೆ ಕ್ಯಾಮೆರಾದವರಿಗೆ ಬೇಕಾದವು, ಕೊನೆಗೆ ಕಾಡಂಚಿನಲ್ಲಿ ಬದುಕುವ ನಮ್ಮವರದ್ದು.

## ಹೊರಡುವ ಮುಂಚೆ

ಅಕ್ಕ, ಒಂದ್ಸಲ ಸಫಾರಿಗೆ ಹೋದ್ರೆ ಹುಲಿ ಸಿಕ್ಕೇ ಸಿಕ್ತದಾ?

ಸಿಕ್ಕೇ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಅವರು ರೂಮು ಮಾರುತ್ತಿದ್ದಾರೆ ಅಂತ ತಿಳಿದುಕೊಳ್ಳಿ. 2022ರ ಗಣತಿ ಪ್ರಕಾರ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141, ಮುದುಮಲೆಯಲ್ಲಿ 114 ಹುಲಿಗಳಿವೆ. ನಮ್ಮ ಸತ್ಯಮಂಗಲದಲ್ಲಿ 85, ಬಿಳಿಗಿರಿರಂಗನ ಬೆಟ್ಟದಲ್ಲಿ 37. ಒಂದಕ್ಕೊಂದು ಅಂಟಿಕೊಂಡಿರುವ ಈ ಕಾಡುಗಳಷ್ಟು ಹುಲಿ ಒಂದೇ ಕಡೆ ಇರುವ ಜಾಗ ಲೋಕದಲ್ಲೇ ಅಪರೂಪ. ಹಾಗಿದ್ದರೂ ಕಾಣುವುದು ಕಷ್ಟ ಯಾಕೆಂದರೆ, ಹಗಲಿನ ಬಹುಪಾಲು ಹುಲಿ ಪೊದೆಯ ನೆರಳಲ್ಲಿ ಬಿದ್ದುಕೊಂಡಿರುತ್ತದೆ, ಸಫಾರಿ ಗಾಡಿ ಓಡಾಡುವುದು ಕಾಡಿನ ಒಂದು ಮೂಲೆಯಲ್ಲಿ ಮಾತ್ರ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಪ್ರಕಾರ ಕೋರ್ ಕಾಡಿನ, ಅಂದರೆ ಹುಲಿಗೆಂದೇ ಮೀಸಲಿಟ್ಟ ನಡುಗಾಡಿನ, ಶೇಕಡಾ 20ಕ್ಕಿಂತ ಹೆಚ್ಚು ಜಾಗ ಪ್ರವಾಸಿಗರಿಗೆ ತೆರೆಯುವ ಹಾಗಿಲ್ಲ. ಅದು ಒಳ್ಳೆಯದೇ.

ಎರಡು ದಿನ ಇಟ್ಟುಕೊಂಡು ಬೆಳಿಗ್ಗೆ ಒಂದು, ಸಂಜೆ ಒಂದು ಸುತ್ತು ಹೋಗಿ. ಒಂದೇ ಸುತ್ತಿಗೆ ದುಡ್ಡಿರುವುದಾದರೆ ಬೆಳಗಿನದಕ್ಕೇ ಹೋಗಿ. ರಾತ್ರಿಯೆಲ್ಲ ಹುಲಿ ನಡೆದ ಗುರುತು ರಸ್ತೆಯ ಮಣ್ಣಿನಲ್ಲಿ ಹಾಗೇ ಉಳಿದಿರುತ್ತದೆ.

ನಮ್ಮ ಕಾಡಲ್ಲೇ ಹುಲಿ ಇರುವಾಗ ಬಂಡೀಪುರಕ್ಕೆ ಯಾಕೆ ಹೋಗಬೇಕು?

ಸತ್ಯಮಂಗಲ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 1,400 ಚದರ ಕಿಲೋಮೀಟರಿಗೂ ದೊಡ್ಡದು. ಹುಲಿ ಸಂಖ್ಯೆ ಹೆಚ್ಚಿಸಿದ್ದಕ್ಕೆ 2022ರಲ್ಲಿ ಟಿಎಕ್ಸ್2 ಅನ್ನುವ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಆದರೆ ಹುಲಿ ಇರುವುದು ಬೇರೆ, ಕಾಣುವುದು ಬೇರೆ. ನಮ್ಮ ಕಡೆ ಕಣಿವೆ, ಮುಳ್ಳುಪೊದೆ, ಲಂಟಾನ ಅನ್ನುವ ಕಳೆ ಜಾಸ್ತಿ. ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು. ಅಲ್ಲಿ ರಸ್ತೆಯ ಎರಡೂ ಬದಿ ಪೊದೆ ಸವರಿ ನೋಟ ಬಿಡಿಸಿದ್ದಾರೆ, ಕೆರೆಗಳಿವೆ. ಗಾಡಿಯ ಸದ್ದು ಕೇಳಿಕೊಂಡೇ ಬೆಳೆದ ಹುಲಿಗಳು ಎಂಜಿನ್ ಕಂಡ ಕೂಡಲೆ ಓಡುವುದಿಲ್ಲ.

ನಾಗರಹೊಳೆಯ ಕಬಿನಿ ಕಡೆ ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಸಿರು ಹುಲ್ಲು ಬಯಲಾಗುತ್ತದೆ. ಅಲ್ಲಿ ಬೇರೇನಿಲ್ಲದಿದ್ದರೂ ಆನೆಯಂತೂ ಕಣ್ತುಂಬ ಸಿಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಕೆ.ಗುಡಿ ಕಾಡು ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಹುಲಿಗೋಸ್ಕರವೇ ಹೋಗುವವರನ್ನು ಅಲ್ಲಿಗೆ ಕಳಿಸುವುದಿಲ್ಲ. ಮೊದಲ ಸಲದವರು ಚಾಮರಾಜನಗರ, ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೇ ಹೋಗಿ.

ನಮ್ದು ತಮಿಳುನಾಡು ಆಧಾರ್, ಕರ್ನಾಟಕದಲ್ಲಿ ಟಿಕೆಟ್ ಜಾಸ್ತಿನಾ?

ಇಲ್ಲ. ಭಾರತೀಯರಿಗೆ ಒಂದು ದರ, ವಿದೇಶಿಯರಿಗೆ ಒಂದು ದರ, ಅಷ್ಟೇ. ಗುರುತಿನ ಚೀಟಿ ಮಾತ್ರ ಮರೆಯಬೇಡಿ. ದೊಡ್ಡ ಲೆನ್ಸ್ ಇದ್ದರೆ ಅದಕ್ಕೆ ಪ್ರತ್ಯೇಕ ಶುಲ್ಕ ಕಟ್ಟಬೇಕಾಗುತ್ತದೆ.

ಇದಕ್ಕಿಂತ ಮುಖ್ಯ, ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯಾ ಅಂತ ಫೋನ್ ಮಾಡಿ ಕೇಳಿ. 2025ರ ನವೆಂಬರಿನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಬೆಂಕಿ ಭಯಕ್ಕೆ ಮುಚ್ಚುವುದೂ ಉಂಟು. ಆಟೋದವನ ಮಾತು ನಂಬಿಕೊಂಡು ಗೇಟಿನವರೆಗೆ ಹೋಗಿ ವಾಪಸ್ ಬಂದವರು ನಮ್ಮೂರಲ್ಲೇ ಬೇಕಾದಷ್ಟು ಜನ ಇದ್ದಾರೆ.

ಯಾವ ತಿಂಗಳು ಒಳ್ಳೇದು?

ಶಿವರಾತ್ರಿ ಕಳೆದ ಮೇಲಿಂದ ಮುಂಗಾರಿಗೆ ಮುಂಚಿನ ಮಳೆ ಬೀಳುವ ತನಕ. ಎಲೆ ಉದುರಿ ಕಾಡು ಬಿಚ್ಚಿಕೊಂಡಿರುತ್ತದೆ, ನೀರು ಕೆಲವೇ ಕೆರೆಗಳಲ್ಲಿ ಉಳಿದಿರುತ್ತದೆ, ಹುಲಿ ಆ ನೀರಿಗೆ ಬರಲೇಬೇಕು. ಬಿಸಿಲು ಜೋರಾದರೆ ಹುಲಿ ಸೊಂಟದವರೆಗೆ ನೀರಲ್ಲಿ ಕೂರುತ್ತದೆ. ನೀರಿಗಿಳಿಯುವಾಗ ಬಹಳ ಸಲ ಹಿಂದುಹಿಂದಕ್ಕೆ ಇಳಿಯುತ್ತದೆ, ಮುಖ ಒದ್ದೆ ಮಾಡಿಕೊಳ್ಳುವುದಕ್ಕೆ ಅದಕ್ಕೆ ಇಷ್ಟವಿಲ್ಲ.

ಇದಿಷ್ಟು ಹುಲಿ ನೋಡುವವರಿಗೆ. ಫೋಟೊ ಚೆಂದ ಬರಬೇಕು ಅನ್ನುವವರಿಗೆ ನಾನು ಹೇಳುವುದು ಅಕ್ಟೋಬರ್, ನವೆಂಬರ್. ಸಿಗುವ ಅವಕಾಶ ಕಡಿಮೆ, ಆದರೆ ಸಿಕ್ಕರೆ ಹಸಿರು ಹಿನ್ನೆಲೆ, ತೊಳೆದಿಟ್ಟ ಬೆಳಕು. ಏಪ್ರಿಲ್‌ನ ಒಣ ಕಾಡಿನಲ್ಲಿ ಹುಲಿಯೂ ಕಂದು, ಹುಲ್ಲೂ ಕಂದು, ಧೂಳೂ ಕಂದು.

ಬಸ್ಸಾ, ಜೀಪಾ?

ದುಡ್ಡಿದ್ದರೆ ಜೀಪು. ತೆರೆದಿರುತ್ತದೆ, ತಗ್ಗಾಗಿರುತ್ತದೆ, ಜನ ಕಡಿಮೆ. ಬಸ್ಸಿನಲ್ಲಿ ಕಿಟಕಿಯ ಕಂಬಿ ಅಡ್ಡ ಬರುತ್ತದೆ, ಹುಲಿ ಆ ಕಡೆ ಬಂದರೆ ಈ ಕಡೆಯವರು ಎದ್ದು ನಿಂತು ಬಸ್ಸೇ ಅಲ್ಲಾಡುತ್ತದೆ. ಆದರೂ ಬಸ್ಸನ್ನು ತಳ್ಳಿಹಾಕಬೇಡಿ. ಹುಲಿ ಕಾಣುವ ಅವಕಾಶ ಎರಡಕ್ಕೂ ಒಂದೇ, ರಸ್ತೆಯೂ ಒಂದೇ. ಮಕ್ಕಳ ಶಾಲಾ ಪ್ರವಾಸಕ್ಕಂತೂ ಬಸ್ಸೇ ಸರಿ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮುಂಚೆಯೇ ಉಚ್ಚೆ ಮಾಡಿಸಿ, ಹೊಟ್ಟೆಗೆ ಕೊಟ್ಟು ಹತ್ತಿಸಿ. ಒಳಗೆ ಗಾಡಿಯಿಂದ ಇಳಿಯುವ ಹಾಗಿಲ್ಲ, ತಿಂಡಿ ಪೊಟ್ಟಣ ಬಿಚ್ಚುವ ಹಾಗೂ ಇಲ್ಲ.

ಏನು ಹಾಕ್ಕೋಬೇಕು, ಏನು ತಗೊಂಡು ಹೋಗಬೇಕು?

ಮಣ್ಣು ಬಣ್ಣ, ಎಲೆ ಬಣ್ಣದ ಬಟ್ಟೆ. ಬೆಳ್ಳಗೆ ಹೊಳೆಯುವುದು ಬೇಡ, ಸೆಂಟು ಬೇಡ. ಬೆಳಿಗ್ಗೆ ತೆರೆದ ಜೀಪಿನಲ್ಲಿ ಚಳಿ ಕೊರೆಯುತ್ತದೆ, ಸ್ವೆಟರ್ ಇರಲಿ. ಕ್ಯಾಮೆರಾ ಮುಚ್ಚಲು ಒಂದು ಹಳೆಯ ದಿಂಬಿನ ಕವರ್. ಅಲ್ಲಿನ ಧೂಳಿಗೆ ಅಂಗಡಿಯ ರೇನ್‌ಕವರಿಗಿಂತ ಇದೇ ವಾಸಿ.

## ಕಾಡಿನೊಳಗೆ

ಹುಲಿ ಎಲ್ಲಿದೆ ಅಂತ ಡ್ರೈವರ್‌ಗೆ ಹೆಂಗೆ ಗೊತ್ತಾಗ್ತದೆ? ವೈರ್‌ಲೆಸ್ಸಲ್ಲಿ ಹೇಳ್ತಾರಾ?

ಬಹುಪಾಲು ಕಿವಿಯಿಂದ. ಹುಲಿ ಸದ್ದು ಮಾಡುವುದಿಲ್ಲ, ಅದನ್ನು ಕಂಡವರು ಮಾಡುತ್ತಾರೆ. ಜಿಂಕೆ ಚೂಪಾಗಿ 'ಕ್ಯೂಂ' ಅಂತ ಕೂಗುತ್ತದೆ. ಕಾಡುಕುರಿ ನಾಯಿಯ ಹಾಗೆ ಬೊಗಳುತ್ತದೆ. ಮುಸುವ ಮರದ ತುದಿಯಲ್ಲಿ ಕೂತು ಗಂಟಲು ಕೆರೆದ ಹಾಗೆ ಖಕ್ಕೆನ್ನುತ್ತದೆ. ನವಿಲೂ ಕೂಗುತ್ತದೆ, ಆದರೆ ನವಿಲಿಗೆ ಎಲ್ಲಕ್ಕೂ ಗಾಬರಿ, ಅದರ ಮಾತು ಪೂರ್ತಿ ನಂಬಬೇಡಿ. ಜಿಂಕೆಯೂ ಸೀಳುನಾಯಿಗೆ, ಚಿರತೆಗೆ, ಕೆಲವು ಸಲ ಏನೂ ಇಲ್ಲದೆಯೂ ಕೂಗಿಬಿಡುತ್ತದೆ. ಕಡವೆಯ ಮಾತು ಹಾಗಲ್ಲ. ಕಡವೆ ಬಾಲ ಎತ್ತಿ, ಮುಂಗಾಲು ನೆಲಕ್ಕೆ ಬಡಿದು, ಒಂದೇ ಕಡೆ ದಿಟ್ಟಿಸಿ 'ಢಾಂಕ್' ಅಂತ ಕೂಗಿದರೆ ಡ್ರೈವರ್ ಗಾಡಿ ಆಫ್ ಮಾಡುತ್ತಾನೆ. ಆಗ ನೀವು ನೋಡಬೇಕಾದ್ದು ಕಡವೆಯನ್ನಲ್ಲ, ಅದರ ಮೂಗು ತೋರಿಸುವ ದಿಕ್ಕನ್ನು. ಕೂಗು ಒಂದು ಮರದಿಂದ ಇನ್ನೊಂದು ಮರಕ್ಕೆ ಸರಿಯುತ್ತಾ ಹೋದರೆ ಹುಲಿ ನಡೆಯುತ್ತಿದೆ ಅಂತ ಅರ್ಥ. ಒಂದೇ ಕಡೆ ನಿಂತಿದ್ದರೆ ಅದು ಕೂತಿದೆ. ಕೂಗು ನಿಂತೇ ಹೋದರೆ ಮಲಗಿರಬಹುದು, ಇಲ್ಲ ಅವರ ಕಣ್ಣಿಂದ ಮರೆಯಾಗಿರಬಹುದು.

ಇನ್ನೊಂದು ಹೆಜ್ಜೆ ಗುರುತು. ನಡೆಯುವಾಗ ಹುಲಿಯ ಉಗುರು ಒಳಗಿರುವುದರಿಂದ ಮಣ್ಣಿನಲ್ಲಿ ಉಗುರಿನ ಗೆರೆ ಇರುವುದಿಲ್ಲ, ನಾಯಿಯದ್ದಾದರೆ ಇರುತ್ತದೆ. ಅಂಚು ಚೂಪಾಗಿ, ಒಳಗಿನ ಧೂಳು ನಯವಾಗಿ ಒತ್ತಿಕೊಂಡಿದ್ದರೆ ಹೊಸದು. ಹುಳ ಹರಿದ ಗೀಟು, ಉದುರಿದ ಎಲೆ, ನಿನ್ನೆ ಸಂಜೆಯ ಟಯರ್ ಗುರುತು ಮೇಲಿದ್ದರೆ ಹಳೆಯದು. ಸೋಲಿಗ ಬುಡಕಟ್ಟಿನ ವಾಚರ್‌ಗಳು, ಅಂದರೆ ಕಾಡಿನ ಕಾವಲುಗಾರರು, ಇದನ್ನು ಓದುವ ಹಾಗೆ ಯಾರೂ ಓದಲಾರರು. ಬಿಳಿಗಿರಿ ಕಾಡಿನಲ್ಲಿ ಹುಲಿವೀರಪ್ಪ ದೇವರಿಗೆ ಪೂಜೆ ಮಾಡಿಕೊಂಡು ಬಂದವರು ಅವರು. ಜೀಪಿನಲ್ಲಿ ಅವರಿದ್ದರೆ ನಿಮ್ಮ ಆ್ಯಪು, ಮ್ಯಾಪು ಒಳಗಿಟ್ಟು ಅವರು ಹೇಳಿದ್ದನ್ನು ಕೇಳಿ.

ತೆರೆದ ಜೀಪಲ್ವಾ, ಹುಲಿ ಮೇಲೆ ಹಾರಿದ್ರೆ?

ಕೂತು, ಸದ್ದು ಮಾಡದೆ ಇದ್ದರೆ ಜೀಪು ಹುಲಿಗೆ ಒಂದು ದೊಡ್ಡ, ರುಚಿಯಿಲ್ಲದ ವಸ್ತು. ನಿಮ್ಮಲ್ಲೊಬ್ಬರು ಎದ್ದು ನಿಂತರೆ, ಕೈ ಹೊರಗೆ ಚಾಚಿದರೆ, ಕೆಳಗಿಳಿದರೆ ಆ ವಸ್ತುವಿನ ಆಕಾರ ಒಡೆದು ಮನುಷ್ಯ ಕಾಣುತ್ತಾನೆ. ಹೆದರಬೇಕಾದ ಹೊತ್ತು ಮೂರು: ಮರಿಗಳ ಜೊತೆ ತಾಯಿ, ಬೇಟೆಯ ಮೇಲೆ ಕೂತ ಹುಲಿ, ಜೋಡಿಯಾಗಿರುವ ಗಂಡು ಹೆಣ್ಣು. ಕಿವಿ ಹಿಂದಕ್ಕೆ ಚಪ್ಪಟೆಯಾಗಿ, ಬಾಲದ ತುದಿ ಪಟಪಟ ಬಡಿಯುತ್ತಾ, ಗುರ್ ಅನ್ನುವ ಸದ್ದು ಬಂದರೆ ಫೋಟೊ ಸಾಕು, ಡ್ರೈವರ್ ಹಿಂದಕ್ಕೆ ತೆಗೆಯಲಿ.

ನಿಜ ಹೇಳಬೇಕೆಂದರೆ ಸಫಾರಿಯಲ್ಲಿ ನನಗೆ ಎದೆ ಡವಡವ ಅನ್ನುವುದು ಹುಲಿಗಲ್ಲ, ಮರಿ ಇಟ್ಟುಕೊಂಡ ಆನೆಗೆ. ನಮ್ಮ ಊರವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಲಿ ಕಂಡ ತಕ್ಷಣ ಮೊದಲು ಏನು ಮಾಡಬೇಕು?

"ಹುಲಿ! ಹುಲಿ!" ಅಂತ ಕೂಗಬಾರದು. ಪಕ್ಕದವರ ಭುಜ ಮುಟ್ಟಿ, ಕಣ್ಣಲ್ಲೇ ತೋರಿಸಿ. ಆಮೇಲೆ ಒಂದೆರಡು ಗಳಿಗೆ ಕ್ಯಾಮೆರಾ ಎತ್ತದೆ ನೋಡಿ, ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ. ಹುಲಿ ರಸ್ತೆ ದಾಟಬೇಕೆಂದಿದ್ದರೆ ಪೊದೆಯಂಚಿನಲ್ಲಿ ನಿಂತು ಎರಡೂ ಕಡೆ ನೋಡುತ್ತದೆ. ಒಮ್ಮೆ ಹೆಣ್ಣು ಹುಲಿಯೊಂದು ಹೀಗೆ ನಿಂತದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿದೆ: ತಲೆ ಅಲುಗಾಡಲಿಲ್ಲ, ಬರೀ ಕಿವಿ ಒಂದೊಂದಾಗಿ ತಿರುಗಿತು. ಕಿವಿಯ ಹಿಂದಿನ ಬಿಳಿ ಚುಕ್ಕೆ ಲಂಟಾನದ ಮರೆಯಲ್ಲಿ ಮಿಣುಕ್ ಅಂದಾಗಲೇ ಮರಿ ಹಿಂದಿದೆ ಅಂತ ನಮ್ಮ ಡ್ರೈವರ್ ಗಾಡಿಯನ್ನು ರಿವರ್ಸ್ ತೆಗೆದ. ಗಾಡಿ ಹಿಂದೆ ಸರಿದ ಮೇಲೆಯೇ ತಾಯಿ ರಸ್ತೆಗೆ ಬಂದದ್ದು, ಅದರ ಹಿಂದೆ ಮರಿಗಳು. ನಾವು ಮುಂದಕ್ಕೆ ಹೋಗಿದ್ದರೆ ಅವು ಬರುತ್ತಲೇ ಇರಲಿಲ್ಲ.

ಇನ್ನೊಂಚೂರು ಹತ್ರ ಬಿಡಿ ಅಂದ್ರೆ ಡ್ರೈವರ್ ಯಾಕೆ ಕೇಳಲ್ಲ? ಟಿಪ್ಸ್ ಕೊಡ್ತೀವಿ ಅಂದ್ರೂ?

ಕೇಳದಿದ್ದರೆ ಒಳ್ಳೆಯ ಡ್ರೈವರ್ ಸಿಕ್ಕಿದ್ದಾನೆ ಅಂತ ಖುಷಿಪಡಿ. 2012ರ ಮಾರ್ಗಸೂಚಿ ಹೇಳುವ ಕನಿಷ್ಠ ಅಂತರ 20 ಮೀಟರ್. 2024ರ ಡಿಸೆಂಬರ್ 31ರಂದು ಮಹಾರಾಷ್ಟ್ರದ ಉಮ್ರೇಡ್ ಕರ್ಹಂಡ್ಲಾ ಅಭಯಾರಣ್ಯದಲ್ಲಿ ತಾಯಿ ಹುಲಿ ಮತ್ತು ಐದು ಮರಿಗಳನ್ನು ಸಫಾರಿ ಗಾಡಿಗಳು ಎರಡೂ ಕಡೆಯಿಂದ ಅಡ್ಡಗಟ್ಟಿದವು. ವಿಡಿಯೊ ಹರಿದಾಡಿತು, ಡ್ರೈವರ್‌ಗಳ ಮೇಲೂ ಗೈಡ್‌ಗಳ ಮೇಲೂ ಕ್ರಮವಾಯಿತು, ಬಾಂಬೆ ಹೈಕೋರ್ಟಿನ ನಾಗಪುರ ಪೀಠ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಪ್ರವಾಸಿಗರು ಮನೆಗೆ ಹೋದರು, ಅಮಾನತಾದದ್ದು ಡ್ರೈವರ್‌ಗಳು, ಗೈಡ್‌ಗಳು. ಟಿಪ್ಸ್ ಕೊಡುವುದಾದರೆ ಗಾಡಿ ನಿಲ್ಲಿಸಿದ್ದಕ್ಕೆ ಕೊಡಿ.

ನಾನು ಡ್ರೈವರ್‌ಗೆ ಕೇಳಿಕೊಳ್ಳುವುದು ಇಷ್ಟೇ: ಹುಲಿ ಹೋಗುವ ದಾರಿಗೆ ಅಡ್ಡ ಬರದ ಹಾಗೆ, ಅದಕ್ಕಿಂತ ಸಾಕಷ್ಟು ಮುಂದೆ ಹೋಗಿ ಎಂಜಿನ್ ಆರಿಸಿ ಕೂರೋಣ. ದಾರಿ ಬಿಟ್ಟರೆ ಹುಲಿ ತಾನೇ ನಮ್ಮ ಕಡೆಗೆ ನಡೆದು ಬರುತ್ತದೆ, ಮುಖ ಕೊಟ್ಟುಕೊಂಡು. ಬೆನ್ನು ಹತ್ತಿದವರಿಗೆ ಸಿಗುವುದು ಬಾಲ.

ಗಂಡೋ ಹೆಣ್ಣೋ ಹೆಂಗೆ ಹೇಳೋದು?

ಗಂಡಿನ ತಲೆ ದಪ್ಪ, ಕೆನ್ನೆಯ ಕೂದಲು ಗಡ್ಡದ ಹಾಗೆ ಹರಡಿರುತ್ತದೆ, ಮುಂಗಾಲು ಕಂಬ. ಗಂಡಿನ ಹೆಜ್ಜೆ ಚೌಕ, ಹೆಣ್ಣಿನದ್ದು ಸ್ವಲ್ಪ ಉದ್ದ. ಎರಡು ಮೂರು ಹುಲಿ ಒಟ್ಟಿಗೆ ಕಂಡರೆ ಹೆಚ್ಚಾಗಿ ತಾಯಿ ಮತ್ತು ಬೆಳೆದ ಮರಿಗಳು. ಮರಿ ಸುಮಾರು ಎರಡು ವರ್ಷ ತಾಯಿ ಜೊತೆಗಿರುತ್ತದೆ, ಕೊನೆಕೊನೆಗೆ ತಾಯಿಯಷ್ಟೇ ಗಾತ್ರವಾಗಿಬಿಡುತ್ತದೆ.

## ಕ್ಯಾಮೆರಾ ಹಿಡಿದ ಮೇಲೆ

ಮೊಬೈಲಲ್ಲಿ ಬರಲ್ವಾ?

ಹಲವು ಕಡೆ ಸಫಾರಿ ಹೊತ್ತಲ್ಲಿ ಮೊಬೈಲ್ ಒಳಗಿಡಿಸುತ್ತಾರೆ, ಮೊದಲು ಅದನ್ನು ಕೇಳಿಕೊಳ್ಳಿ. ಬಿಟ್ಟರೂ ಜೂಮ್ ಎಳೆಯಬೇಡಿ. ಬೆರಳಲ್ಲಿ ಹಿಗ್ಗಿಸಿದ ಹುಲಿ ಬರೀ ಕಿತ್ತಳೆ ಕಲೆ. ಕಾಡು, ರಸ್ತೆ, ಅದರ ಮಧ್ಯೆ ಸಣ್ಣದಾಗಿ ಹುಲಿ, ಹಾಗೆ ವಿಡಿಯೊ ಮಾಡಿ. ಕಾಡಿನ ಸದ್ದು ಸಮೇತ ಬರುತ್ತದೆ. ಫ್ಲ್ಯಾಶ್ ಆರಿಸಿದ್ದೀರಾ ಅಂತ ಮನೆಯಲ್ಲೇ ನೋಡಿಕೊಂಡು ಬನ್ನಿ.

ಯಾವ ಲೆನ್ಸ್ ತಗೊಳ್ಳಲಿ? 600 ಇಲ್ದಿದ್ರೆ ಆಗಲ್ಲ ಅಂತಾರೆ.

ಆಗುತ್ತದೆ. ಲೆಕ್ಕ ಹಾಕಿ ನೋಡಿ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 400 ಎಂಎಂ ಲೆನ್ಸು 40 ಮೀಟರ್ ದೂರದಲ್ಲಿ ಸುಮಾರು 3.6 ಮೀಟರ್ ಅಗಲ ತೋರಿಸುತ್ತದೆ. ಮೂಗಿನಿಂದ ಬಾಲದ ತುದಿಯವರೆಗೆ ಹುಲಿ ಮೂರು ಮೀಟರ್ ಆಸುಪಾಸು. ಅಂದರೆ ಪೂರ್ತಿ ಹುಲಿ, ಸುತ್ತ ಒಂದಿಷ್ಟು ಉಸಿರಾಡುವ ಜಾಗ. ಅದೇ ದೂರಕ್ಕೆ 600 ಹಿಡಿದರೆ 2.4 ಮೀಟರ್, ಬಾಲ ಕತ್ತರಿಸಿಹೋಗುತ್ತದೆ. ಸಣ್ಣ ಸೆನ್ಸರಿನ ಕ್ಯಾಮೆರಾ ಇದ್ದರೆ 400 ಎಂಎಮ್ಮೇ ಹೆಚ್ಚುಕಡಿಮೆ 600ರ ಕೆಲಸ ಮಾಡುತ್ತದೆ. ಜೂಮ್ ಲೆನ್ಸೇ ವಾಸಿ: 100-400, 150-600, 200-500, ಯಾವುದಾದರೂ ಸರಿ. ಹುಲಿ ಗಾಡಿಯತ್ತಲೇ ನಡೆದು ಬಂದಾಗ ಒಂದೇ ಅಳತೆಯ ದೊಡ್ಡ ಲೆನ್ಸಿನವರು ತಲೆ ಮೇಲೆ ಕೈಹೊತ್ತು ಕೂರುವುದನ್ನು ನೋಡಿದ್ದೇನೆ. ಒಂದು ಸಲದ ಪ್ರವಾಸಕ್ಕೆ ಕೊಳ್ಳಲೇಬೇಡಿ, ಮೈಸೂರು ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ.

ಸೆಟಿಂಗ್ ಏನಿಡಬೇಕು? ಒಂದೇ ಸಾಲಲ್ಲಿ ಹೇಳಿ.

ಒಂದೇ ಸಾಲಲ್ಲಿ: ಶಟರ್ 1/800, ಅಪರ್ಚರ್ ನಿಮ್ಮ ಲೆನ್ಸಿನಲ್ಲಿ ಇರುವಷ್ಟು ತೆರೆದು, ಐಎಸ್ಒ ಆಟೋ, ಗರಿಷ್ಠ 6400, ಬರ್ಸ್ಟ್, ಕಂಟಿನ್ಯುಯಸ್ ಫೋಕಸ್, ರಾ ಫೈಲ್.

ಇನ್ನೂ ಕೆಲವು ಸಾಲಲ್ಲಿ: ಶಟರ್ ಅಂದರೆ ಚಿತ್ರ ಹಿಡಿಯುವ ವೇಗ, ಸೆಕೆಂಡಿನ ಲೆಕ್ಕದಲ್ಲಿ. ಅಪರ್ಚರ್ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಐಎಸ್ಒ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ. ಬರ್ಸ್ಟ್ ಅಂದರೆ ಒಂದರ ಹಿಂದೊಂದು ಚಿತ್ರ, ಕಂಟಿನ್ಯುಯಸ್ ಫೋಕಸ್ ಅಂದರೆ ಹುಲಿ ನಡೆದ ಹಾಗೆ ಫೋಕಸೂ ಹಿಂದೆ ಹೋಗುವುದು, ರಾ ಅಂದರೆ ಆಮೇಲೆ ತಿದ್ದಲು ಅನುಕೂಲವಾದ ಮೂಲ ಫೈಲು. ನಡೆಯುವ ಹುಲಿಗೆ 1/500 ಸಾಕು. ಓಡುವುದಕ್ಕೆ, ಜಗಳಕ್ಕೆ 1/1600ರ ಮೇಲೆ ಬೇಕು. ಮಲಗಿದ ಹುಲಿಗೆ 1/200ಕ್ಕೆ ಇಳಿದು ಐಎಸ್ಒ ತಗ್ಗಿಸಬಹುದು, ಆದರೆ ಗಾಡಿಯಲ್ಲಿ ಯಾರೂ ಅಲ್ಲಾಡಬಾರದು. ಎಂಜಿನ್ ಓಡುತ್ತಿದ್ದರೆ ಯಾವ ಶಟರ್ ಇಟ್ಟರೂ ಚಿತ್ರ ನಡುಗುತ್ತದೆ. ಮುಂಜಾನೆ ಆರೂವರೆಗೆ ಮರದಡಿ ಬೆಳಕೇ ಇರುವುದಿಲ್ಲ, ಆಗ ಐಎಸ್ಒ ಏರುವುದಕ್ಕೆ ಹೆದರಬೇಡಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ಸರಿಮಾಡಬಹುದು, ಕಲಸಿಹೋದ ಕಣ್ಣನ್ನು ಯಾರೂ ಸರಿಮಾಡಲಾರರು. ಇದೆಲ್ಲ ಗೇಟು ದಾಟುವ ಮುಂಚೆಯೇ ಇಟ್ಟಾಗಿರಬೇಕು. ಹುಲಿ ಎದುರಿಗೆ ನಿಂತಾಗ ಮೆನು ಹುಡುಕುವವರ ಪಕ್ಕ ಕೂರುವುದು ನನಗೆ ಬಲು ಹಿಂಸೆ.

ಟ್ರೈಪಾಡ್ ಜೀಪಿನಲ್ಲಿ ಬಿಡಿಸಲಾಗುವುದಿಲ್ಲ. ಒಂದು ಗಟ್ಟಿ ಬಟ್ಟೆಯ ಚೀಲ ಹೊಲಿಸಿ, ಮುಕ್ಕಾಲು ಭಾಗ ರಾಗಿ ತುಂಬಿ ಕಂಬಿಯ ಮೇಲಿಟ್ಟರೆ ಲೆನ್ಸು ಅಲ್ಲೇ ಕೂರುತ್ತದೆ. ಪೂರ್ತಿ ತುಂಬಿದರೆ ಗುಂಡುಕಲ್ಲಾಗುತ್ತದೆ, ಲೆನ್ಸು ಜಾರುತ್ತದೆ.

ಫೋಕಸ್ ಎಲ್ಲಾ ಲಂಟಾನ ಕಡ್ಡಿ ಮೇಲೇ ಹೋಗಿ ಕೂರುತ್ತೆ, ಹುಲಿ ಮಸುಕು.

ನಮ್ಮ ಕಾಡುಗಳ ಶಾಪವೇ ಇದು. ಹತ್ತಿರದ ಕಡ್ಡಿ ಕ್ಯಾಮೆರಾಕ್ಕೆ ಸುಲಭದ ತುತ್ತು. ಅಗಲವಾದ ಫೋಕಸ್ ಜಾಗ ಬಿಟ್ಟು ಒಂದೇ ಬಿಂದು ಆರಿಸಿಕೊಳ್ಳಿ, ಕಡ್ಡಿಗಳ ಸಂದಿಯಲ್ಲಿ ಕಣ್ಣಿನ ಮೇಲಿಡಿ. ಹೊಸ ಕ್ಯಾಮೆರಾಗಳ ಪ್ರಾಣಿ ಕಣ್ಣು ಗುರುತಿಸುವ ವ್ಯವಸ್ಥೆ ಬಯಲಲ್ಲಿ ಸೊಗಸು, ಪೊದೆಯಲ್ಲಿ ಕೈಕೊಡುತ್ತದೆ. ಫೋಕಸನ್ನು ಹಿಂದಿನ ಬಟನ್ನಿಗೆ ಹಾಕಿಕೊಂಡರೆ, ಒಮ್ಮೆ ಸಿಕ್ಕಿದ ಮೇಲೆ ಬೆರಳು ತೆಗೆದು ಅಲ್ಲೇ ನಿಲ್ಲಿಸಬಹುದು. ಅದೂ ಆಗಲಿಲ್ಲವೆಂದರೆ ಕೈಯಿಂದ ಲೆನ್ಸಿನ ಉಂಗುರ ತಿರುಗಿಸಿ. ಅದಕ್ಕೂ ಮುಂಚೆ ಡ್ರೈವರ್‌ಗೆ ಮೆಲ್ಲಗೆ ಹೇಳಿ ನೋಡಿ, ಗಾಡಿ ಒಂದಡಿ ಹಿಂದಕ್ಕೆ ಬಂದರೆ ಎಷ್ಟೋ ಸಲ ಕಡ್ಡಿಯೇ ಪಕ್ಕಕ್ಕೆ ಸರಿದಿರುತ್ತದೆ.

ಹುಲಿ ಬಣ್ಣ ಸಪ್ಪೆಯಾಗಿ, ಕೆನ್ನೆ ಬೆಳ್ಳಗೆ ಸುಟ್ಟ ಹಾಗೆ ಬಂದಿದೆ. ಯಾಕೆ?

ಹಿನ್ನೆಲೆ ಕಡುಹಸಿರು, ಕಪ್ಪು ನೆರಳು. ಕ್ಯಾಮೆರಾ ಕತ್ತಲು ಜಾಸ್ತಿ ಅಂದುಕೊಂಡು ಬೆಳಕು ಏರಿಸುತ್ತದೆ, ಕಿತ್ತಳೆ ತೆಳುವಾಗಿ ಕೆನ್ನೆಯ ಬಿಳುಪು ಹಾರಿಹೋಗುತ್ತದೆ. ಎಕ್ಸ್‌ಪೋಷರನ್ನು -0.3ರಿಂದ -0.7ರವರೆಗೆ ಇಳಿಸಿ. ಒಣಹುಲ್ಲಿನ ಬಯಲು, ಕೆರೆಯ ಹೊಳೆಯುವ ನೀರು ಹಿಂದಿದ್ದರೆ ಉಲ್ಟಾ, ಸ್ವಲ್ಪ ಏರಿಸಬೇಕು. ಬೇಸಿಗೆಯಲ್ಲಿ ಒಂಬತ್ತು ಗಂಟೆ ದಾಟಿದ ಮೇಲೆ ದೂರದ ಹುಲಿ ಮಸುಕಾಗಿ ಬಂದರೆ ಅದು ನಿಮ್ಮ ಕೈಯ ದೋಷವಲ್ಲ. ನೆಲದ ಕಾವಿಗೆ ಗಾಳಿ ಕುಣಿಯುತ್ತಿರುತ್ತದೆ, ಎಂಥಾ ಲೆನ್ಸಿನಲ್ಲೂ ಅದಕ್ಕೆ ಔಷಧಿ ಇಲ್ಲ.

ಬಸ್ಸಿಂದ ತೆಗೆದ್ರೆ ಹುಲಿ ಕುಳ್ಳಗೆ, ಬೆನ್ನು ಮಾತ್ರ ಕಾಣ್ತದೆ. ದೊಡ್ಡವರ ಫೋಟೊದಲ್ಲಿ ಹಂಗಿರಲ್ಲ.

ಅವರು ದೂರದಿಂದ ತೆಗೆದಿರುತ್ತಾರೆ, ಗುಟ್ಟು ಅಷ್ಟೇ. ಬಸ್ಸಿನಲ್ಲಿ ನಿಮ್ಮ ಕಣ್ಣು ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಹುಲಿ 10 ಮೀಟರ್ ದೂರದಲ್ಲಿದ್ದರೆ ಸುಮಾರು 10 ಡಿಗ್ರಿ ಕೆಳಮುಖವಾಗಿ ನೋಡುತ್ತೀರಿ, ಬೆನ್ನು ಕಾಣುತ್ತದೆ, ಹಿನ್ನೆಲೆಗೆ ರಸ್ತೆಯ ಧೂಳೇ ಬರುತ್ತದೆ. ಅದೇ 40 ಮೀಟರಿಗೆ ಹೋದರೆ ಕೋನ ಎರಡೂವರೆ ಡಿಗ್ರಿಗೆ ಇಳಿಯುತ್ತದೆ. ಹುಲಿ ನಿಮ್ಮ ಕಣ್ಣಿನ ಸಮಕ್ಕೆ ಬಂದ ಹಾಗಾಗುತ್ತದೆ, ಹಿಂದಿನ ಕಾಡು ಮೃದುವಾಗಿ ಕರಗುತ್ತದೆ. ಹತ್ತಿರ ಹೋಗಬೇಕೆನ್ನುವ ಹಟ ಹುಲಿಗೂ ಕೆಟ್ಟದ್ದು, ಚಿತ್ರಕ್ಕೂ ಕೆಟ್ಟದ್ದು. ರಸ್ತೆ ಏರುಮುಖವಾಗಿದ್ದು ಹುಲಿ ಮೇಲಿನಿಂದ ಇಳಿದು ಬರುತ್ತಿದ್ದರೆ ಬಸ್ಸಿನವರಿಗೂ ಜೀಪಿನವರ ಚಿತ್ರವೇ ಸಿಗುತ್ತದೆ.

## ಕಾಡಂಚಿನವರ ಪ್ರಶ್ನೆಗಳು

ದಿಂಬಂ ಘಾಟಲ್ಲಿ ರಾತ್ರಿ ಕಾರಲ್ಲಿ ಸುತ್ತಿದ್ರೆ ಫ್ರೀಯಾಗೇ ಸಫಾರಿ ಆಗ್ತದಂತಲ್ಲ?

ಬೇಡ. ನಮ್ಮ ಸತ್ಯಮಂಗಲ ಕಾಡಿನ ಬಣ್ಣಾರಿಯಿಂದ ಮೇಲೆ 27 ತಿರುವುಗಳ ಆ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಪ್ರಾಣಿಗಳು ಸತ್ತದ್ದಕ್ಕೇ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದದ್ದು. ಬಂಡೀಪುರದ ರಸ್ತೆಗಳೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಊರವರೆಂದು ನಮಗೆ ಕೊಟ್ಟ ವಿನಾಯಿತಿ ಆಸ್ಪತ್ರೆಗೆ, ತರಕಾರಿ ಸಾಗಿಸಲಿಕ್ಕೆ ಇರುವುದು. ಮೈಸೂರಿನ ಸ್ನೇಹಿತರನ್ನು ಕೂರಿಸಿಕೊಂಡು ಟಾರ್ಚ್ ಬಿಡುತ್ತಾ ಹೋಗಲಿಕ್ಕಲ್ಲ. ಹಗಲಲ್ಲಿ ಹೋಗುವಾಗ ಹುಲಿ ಎದುರಾದರೆ ಕಾರು ನಿಲ್ಲಿಸಿ, ಗ್ಲಾಸು ಏರಿಸಿ, ಹಾರ್ನ್ ಮಾಡದೆ ಕಾಯಿರಿ. ಬೈಕಿನಲ್ಲಿದ್ದರೆ ದೂರದಲ್ಲೇ ನಿಂತು ಹಿಂದೆ ಬರುವ ಬಸ್ಸಿಗೆ ಕಾದು ಅದರ ಜೊತೆ ಹೊರಡಿ.

ನಮ್ಮ ಕಬ್ಬಿನ ಗದ್ದೆಗೆ ಹುಲಿ ಬಂದದೆ, ಹಸು ಹಿಡಿದದೆ. ಬಾ ಅಕ್ಕ, ಫೋಟೊ ತೆಗಿ.

ಇಂಥ ಫೋನು ಬಂದರೆ ನಾನು ಬರುವುದಿಲ್ಲ, ನೀವೂ ಹೋಗಬೇಡಿ ಅನ್ನುತ್ತೇನೆ. ಸಫಾರಿ ರಸ್ತೆಯ ಹುಲಿಗೆ ಜೀಪು ಗೊತ್ತು, ಓಡಲು ಕಾಡಿದೆ. ಗದ್ದೆಯಲ್ಲಿ ಸಿಕ್ಕಿಕೊಂಡ ಹುಲಿಗೆ ನಾಲ್ಕೂ ಕಡೆ ಜನ, ಮೊಬೈಲು, ಕೂಗು. ಅದಕ್ಕೆ ಉಳಿಯುವ ದಾರಿ ನಿಮ್ಮ ಮೇಲೇ. ಹುಲಿ ಆಕ್ರಮಣದಲ್ಲಿ ಗುಂಪಿನಲ್ಲಿ ಮುಂದೆ ನಿಂತವರಿಗೇ ಪೆಟ್ಟು ಬೀಳುವುದು.

ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಫೋನ್ ಮಾಡಿ. ಸತ್ತ ಹಸುವನ್ನು ಎಳೆಯಬೇಡಿ, ಹೂಳಬೇಡಿ. ಅರಣ್ಯದವರೂ ಪಶುವೈದ್ಯರೂ ಬಂದು ನೋಡಿ ಬರೆದುಕೊಂಡ ಮೇಲೇ ಪರಿಹಾರದ ಅರ್ಜಿ ಮುಂದೆ ಹೋಗುವುದು. ಹಸುವಿನ ಕಿವಿಯ ಟ್ಯಾಗು, ಕುತ್ತಿಗೆಯ ಗಾಯ, ಸುತ್ತಲಿನ ಹೆಜ್ಜೆ ಇವುಗಳ ಫೋಟೊ ಮೊಬೈಲಲ್ಲೇ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಅಳತೆಗೆ ಒಂದು ಬೆಂಕಿಪೊಟ್ಟಣ ಇಟ್ಟು. ಹುಲಿ ಅಲ್ಲೇ ಹತ್ತಿರ ಇರುವ ಅನುಮಾನವಿದ್ದರೆ ಅದೂ ಬೇಡ, ವಾಚರ್ ಬರಲಿ.

ಪರಿಹಾರ ತಡವಾಗುತ್ತದೆ, ಹಸುವಿನ ಬೆಲೆಗೆ ಸಮವೂ ಇರುವುದಿಲ್ಲ ಅನ್ನುವ ಸಿಟ್ಟು ನನಗೂ ಇದೆ. ಆ ಸಿಟ್ಟು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ 2025ರ ಜೂನಿನಲ್ಲಿ ನೋಡಿದೆವು. ಪಕ್ಕದ ಮಲೆಮಹದೇಶ್ವರ ಕಾಡಿನ ಹೂಗ್ಯಂ ವಲಯದಲ್ಲಿ ಹುಲಿ ಕೊಂದ ಹಸುವಿಗೇ ವಿಷ ಹಾಕಿ ತಾಯಿ ಮತ್ತು ನಾಲ್ಕು ಮರಿಗಳನ್ನು ಸಾಯಿಸಿದರು. ಹುಲಿಯೇರಿ ಬರುವ ಮಾದಪ್ಪನ ಕಾಡಲ್ಲಿ. ಆರೋಪಿಗಳನ್ನು ಬಂಧಿಸಿದರು, ಸತ್ತ ಹಸುವಂತೂ ವಾಪಸ್ ಬರಲಿಲ್ಲ.

ಹುಲಿ ಫೋಟೊ ಹಾಕುವಾಗ ಜಾಗದ ಹೆಸರು ಹಾಕಬಹುದಾ?

ಕಾಡಿನ ಹೆಸರು ಹಾಕಿ, ಕೆರೆಯ ಹೆಸರು ಬೇಡ. ಮರಿ ಇರುವ ತಾಯಿಯ ಚಿತ್ರವಾದರೆ ಕೆಲವು ವಾರ ಕಳೆದ ಮೇಲೆ ಹಾಕಿ. ಮೊಬೈಲ್ ಚಿತ್ರದ ಜೊತೆಗೇ ಜಾಗದ ಗುರುತು ಹೋಗುತ್ತದೆ, ಅದನ್ನು ಮೊದಲು ಆರಿಸಿ. ಸಫಾರಿ ಬಿಟ್ಟು ಊರ ಹತ್ತಿರ ಕಂಡ ಹುಲಿಯಾದರೆ ಗ್ರೂಪಿಗೆ ಹಾಕುವುದೇ ಬೇಡ, ಅರ್ಧ ಗಂಟೆಯಲ್ಲಿ ಬೈಕುಗಳ ಜಾತ್ರೆ ಸೇರುತ್ತದೆ. ಡ್ರೋನ್ ಬಗ್ಗೆ ಕೇಳುವ ಹುಡುಗರಿಗೆ ಒಂದೇ ಮಾತು: ಹುಲಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅನುಮತಿಯಿಲ್ಲದೆ ಹಾರಿಸಿದರೆ ಡ್ರೋನೂ ಹೋಗುತ್ತದೆ, ಕೇಸೂ ಬೀಳುತ್ತದೆ.

ನಾನು ತೆಗೆದ ಹುಲಿ ಯಾವುದು ಅಂತ ತಿಳ್ಕೊಳ್ಳೋದು ಹೆಂಗೆ?

ಪಟ್ಟೆಯಿಂದ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ, ಮನುಷ್ಯರ ಹೆಬ್ಬೆಟ್ಟಿನ ಗುರುತಿನಂತೆ. ಕ್ಯಾಮೆರಾ ಟ್ರ್ಯಾಪ್, ಅಂದರೆ ಕಾಡಿನಲ್ಲಿ ಕಟ್ಟಿಟ್ಟು ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ. ಅದರ ಚಿತ್ರಗಳ ಪಟ್ಟೆ ಹೋಲಿಸಿ ಹುಲಿ ಎಣಿಸುವ ಕ್ರಮವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲೇ ಬೆಳೆಸಿದ್ದು, ಇವತ್ತಿನ ಗಣತಿ ನಿಂತಿರುವುದೂ ಅದರ ಮೇಲೆಯೇ.

ಹೋಲಿಸುವಾಗ ಒಂದು ತೊಡಕಿದೆ. ಒಂದೇ ಹುಲಿಯ ಎಡಮೈ ಪಟ್ಟೆ ಬೇರೆ, ಬಲಮೈ ಪಟ್ಟೆ ಬೇರೆ. ನಿಮ್ಮ ಹತ್ತಿರ ಎಡಗಡೆ ಚಿತ್ರ, ಸ್ನೇಹಿತರ ಹತ್ತಿರ ಬಲಗಡೆ ಚಿತ್ರ ಇದ್ದರೆ ಎರಡೂ ಒಂದೇ ಹುಲಿಯಾ ಅಂತ ಹೇಳಲಿಕ್ಕಾಗುವುದಿಲ್ಲ. ಆದ್ದರಿಂದ ಮುಖದ ಚಿತ್ರ ಸಿಕ್ಕ ಮೇಲೆ ಕ್ಯಾಮೆರಾ ಕೆಳಗಿಡಬೇಡಿ. ಹುಲಿ ತಿರುಗಿದಾಗ ಪಕ್ಕೆಯದ್ದೊಂದು ತೆಗೆಯಿರಿ, ರಸ್ತೆ ದಾಟಿ ಆ ಕಡೆ ಹೋಗುವಾಗ ಇನ್ನೊಂದು ಮಗ್ಗುಲದ್ದು. ಹೋಲಿಸಲಿಕ್ಕೆ ಮುಂಗಾಲಿನ ಹಿಂದಿನ ಭಾಗ, ತೊಡೆ, ಹುಬ್ಬಿನ ಮೇಲಿನ ಗೆರೆಗಳನ್ನು ನೋಡಿ. ಎರಡು ಪಟ್ಟೆ ಕೂಡುವ, ಕವಲೊಡೆಯುವ ಜಾಗ ಹಿಡಿದರೆ ಬೇಗ ಗೊತ್ತಾಗುತ್ತದೆ. ಹುಲಿ ಮೈ ತಿರುಚಿದಾಗ ಪಟ್ಟೆಯ ಅಗಲ ಬದಲಾದಂತೆ ಕಾಣುತ್ತದೆ, ಕವಲು ಬದಲಾಗುವುದಿಲ್ಲ.

ಅರಣ್ಯ ಇಲಾಖೆಗೆ ಕಳಿಸುವುದಾದರೆ ವಾಟ್ಸಾಪಿನಲ್ಲಿ ಕುಗ್ಗಿದ ಚಿತ್ರ ಬೇಡ. ಮೂಲ ಫೈಲು, ತಾರೀಖು, ಹೊತ್ತು, ಯಾವ ಸಫಾರಿ ರಸ್ತೆ ಅನ್ನುವುದನ್ನು ಸೇರಿಸಿ ಇಮೇಲ್ ಮಾಡಿ. ಕ್ಯಾಮೆರಾದ ಗಡಿಯಾರ ಸರಿಯಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಹುಲಿಗೆ ಗಾಯವಿದ್ದರೆ, ಕುಂಟುತ್ತಿದ್ದರೆ, ಕುತ್ತಿಗೆಯಲ್ಲಿ ಉರುಳು ತಂತಿ ಕಂಡರೆ ಇಮೇಲಿಗೆ ಕಾಯಬೇಡಿ. ಗೇಟಿಗೆ ವಾಪಸ್ ಬಂದ ಕೂಡಲೆ ಕ್ಯಾಮೆರಾದ ಪರದೆಯಲ್ಲೇ ಫಾರೆಸ್ಟರ್‌ಗೆ ತೋರಿಸಿ.